ಗುರುತು ಸಿಕ್ಕಿತೇ? ಕಾದಂಬರಿ, ಕುಟುಂಬ ಮತ್ತು ಆಟಿಸಂ

ತಮ್ಮ ತಾಯಿಯವರ ನೆನಪಿಗೆ ಈ ದತ್ತಿ ಇಟ್ಟಿರುವ ಕುಟುಂಬದವರೇ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯಿಂದ ಬಂದಿರುವ ಓದುಗ ಬಂಧುಗಳೇ,

ಬಸ್ಸಿಳಿದು ಈ ಸಭಾಂಗಣಕ್ಕೆ ನಡೆದು ಬರುತ್ತಿದ್ದಾಗ ಹಿರಿಯರೊಬ್ಬರು ಅಡ್ಡ ನಿಂತು, ‘ಗುರ್ತು ಸಿಕ್ಲಿಲ್ವಾ?’ ಎಂದರು. ನಮ್ಮ ಕಡೆ ಇದು ಪ್ರಶ್ನೆಯ ವೇಷ ಹಾಕಿದ ಪರೀಕ್ಷೆ. ಸಿಕ್ಕಿತು ಎಂದು ಸುಳ್ಳು ಹೇಳಿದರೆ ‘ಹಂಗಾದ್ರೆ ಯಾರು ಹೇಳಿ ನೋಡನ’ ಎಂಬ ಎರಡನೆಯ ಪ್ರಶ್ನೆ ಕಾದಿರುತ್ತದೆ. ಸಿಗಲಿಲ್ಲ ಎಂದರೆ ಮುಖ ಬಾಡುತ್ತದೆ. ನಾನು ಸಿಗಲಿಲ್ಲವೆಂದೇ ಒಪ್ಪಿಕೊಂಡೆ. ಅವರು ನನ್ನ ಅಜ್ಜಿಯ ಹೆಸರು, ಮನೆ ಮುಂದಿನ ಹಲಸಿನ ಮರ, ನನ್ನ ಸಣ್ಣಮಾವನ ನಡಿಗೆ, ಈ ಮೂರನ್ನು ಹೇಳಿ ತಮ್ಮ ಗುರುತು ಹಚ್ಚಿಸಿದರು. ಬರೆದು ತಂದಿದ್ದ ಉಪನ್ಯಾಸದ ಮೊದಲ ಎರಡು ಪುಟ ಅಲ್ಲೇ ಚೀಲ ಸೇರಿದವು. ಇವತ್ತು ನಾನು ಮಾತಾಡಬೇಕಾದದ್ದು ಈ ಒಂದು ಪದದ ಸುತ್ತಲೇ ಇದೆ: ಗುರುತು.

1. ಓದುಗರ ಕೋಣೆ

ಕಳೆದ ವರ್ಷ ಈ ಸೀಮೆಯ ಒಂದು ಊರಿನ ಗ್ರಂಥಾಲಯದ ಓದುಗರ ಬಳಗ ನನ್ನನ್ನು ಕರೆಸಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಬಾಯಿಬಿಟ್ಟು ಮಾತಾಡಿದವರಿಗೆ ಮುಜುಗರ. ಕರ್ನಾಟಕಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಬೋರ್ಡು ಏನೇ ಹೇಳಲಿ, ಒಳಗಿನ ಕೋಣೆ ನಿಮಗೆಲ್ಲ ಗೊತ್ತಿರುವುದೇ: ಉದ್ದನೆಯ ಮೇಜು, ದಾರ ಕಟ್ಟಿದ ಪೆನ್ನು, ಸಹಿ ಹಾಕುವ ಪುಸ್ತಕ, ದಿನಪತ್ರಿಕೆಗಾಗಿ ಬೆಳಿಗ್ಗೆಯೇ ಬಂದು ಕೂರುವ ನಿವೃತ್ತರು.

ಆ ಸಂಜೆ ಹತ್ತು ಹನ್ನೆರಡು ಜನ ಸೇರಿದ್ದರು. ನಿವೃತ್ತ ಮೇಷ್ಟ್ರು, ಅಂಗನವಾಡಿ ಟೀಚರ್, ಅಡಿಕೆ ಮಂಡಿಯ ಲೆಕ್ಕ ಬರೆಯುವವರು, ಡಿಗ್ರಿ ಓದುವ ಇಬ್ಬರು ಹುಡುಗಿಯರು. ಎಲ್ಲರೂ ನನ್ನ ಎರಡನೆಯ ಕಾದಂಬರಿಯನ್ನು ಓದಿಕೊಂಡು ಬಂದಿದ್ದರು. ಇದ್ದ ನಾಲ್ಕು ಪ್ರತಿಯನ್ನೇ ಸರದಿಯ ಮೇಲೆ ಓದಿ ರಟ್ಟು ಸಡಿಲವಾಗಿತ್ತು. ಅದು ಕೂಡುಕುಟುಂಬದ ಕತೆ. ಅದರಲ್ಲಿ ನನ್ನ ಸಣ್ಣಮಾವನನ್ನು ಹೋಲುವ ಒಬ್ಬನಿದ್ದಾನೆ: ಕಣ್ಣು ಕೊಟ್ಟು ನೋಡದವನು, ಕೇಳಿದ್ದಕ್ಕೆ ಉತ್ತರ ಕೊಡದವನು, ಕಂಡಕ್ಟರ್ ಕೂಗುವ ‘ಬೀರೂರ್ ಬೀರೂರ್ ಬೀರೂರ್’ ಅನ್ನು ಇಡೀ ದಿನ ಹೇಳುತ್ತ ಜಗಲಿಯಲ್ಲಿ ತೂಗುವವನು. ಕೊನೆಯ ಅಧ್ಯಾಯದಲ್ಲಿ ಅವನು ಭದ್ರಾ ನಾಲೆಗೆ ಬಿದ್ದು ಸಾಯುತ್ತಾನೆ. ಆ ಅಧ್ಯಾಯವನ್ನು ವಿಮರ್ಶಕರು ಹೊಗಳಿದ್ದರು. ಕಾಲೇಜಿನ ವಿದ್ಯಾರ್ಥಿಗಳು ಅತ್ತಿದ್ದೇವೆಂದು ಕಾಗದ ಬರೆದಿದ್ದರು. ನನಗೂ ಅದರ ಮೇಲೆ ಸ್ವಲ್ಪ ಅಭಿಮಾನ.

ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಅಷ್ಟೂ ಹೊತ್ತು ಮಾತಾಡಿರಲಿಲ್ಲ. ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗ. ಎರಡೂ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೇಜಿನ ಅಂಚನ್ನೇ ನೋಡುತ್ತಿದ್ದ.

‘ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಅವನನ್ನ ಯಾಕೆ ಸಾಯಿಸಿದ್ರಿ?’

ಕತೆಯ ಓಟವೇ ಹಾಗಿತ್ತು ಎಂದೇನೋ ಹೇಳಿದೆ.

‘ಅದಲ್ಲ ಮೇಡಂ. ಅಜ್ಜಿ ಹೋದ ಮೇಲೆ ಅವನನ್ನ ಯಾರು ನೋಡ್ಕಳ್ಳದು ಅಂತ ನಿಮಗೂ ಗೊತ್ತಾಗ್ಲಿಲ್ಲ. ಅದಕ್ಕೆ ನಾಲೆಗೆ ಹಾಕಿದ್ರಿ. ಅಲ್ವಾ?’

ಮೂವತ್ತು ವರ್ಷದ ಬರವಣಿಗೆಯಲ್ಲಿ ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಕೇಳಿರಲಿಲ್ಲ.

2. ಅಜ್ಜಂಪುರದವರು ಮೊದಲೇ ಎಚ್ಚರಿಸಿದ್ದರು

ಅಜ್ಜಂಪುರವನ್ನು ಹೆಸರಿನಲ್ಲೇ ಹೊತ್ತಿದ್ದ ಅಜ್ಜಂಪುರ ಸೀತಾರಾಂ ಅವರು ‘ಆನಂದ’ ಎಂಬ ಹೆಸರಿನಲ್ಲಿ ಬರೆದ ‘ನಾನು ಕೊಂದ ಹುಡುಗಿ’ ಈ ಸಭೆಗೆ ಹೊಸದಲ್ಲ. ಓದಿಕೊಂಡ ಪಟ್ಟಣಿಗನೊಬ್ಬ ಹಳ್ಳಿಯ ಮನೆಯೊಂದಕ್ಕೆ ಅತಿಥಿಯಾಗಿ ಹೋಗುತ್ತಾನೆ. ಆ ಮನೆಯ ಮಗಳು ದೇವರಿಗೆ ಬಿಟ್ಟ ಬಸವಿ. ಅವಳು ಪುಣ್ಯವೆಂದು ನಂಬಿದ್ದನ್ನು ಅವನು ಪಾಪವೆಂದು ತಿಳಿಹೇಳುತ್ತಾನೆ. ಅವನ ಮಾತು ಸರಿಯೇ. ಆದರೆ ಆ ಸರಿಯಾದ ಮಾತನ್ನು ಹೊತ್ತುಕೊಂಡು ಬದುಕಲು ಅವಳಿಗೆ ಆ ಊರಿನಲ್ಲಿ ಜಾಗವಿಲ್ಲ. ಅವಳು ಸಾಯುತ್ತಾಳೆ, ಅವನಿಗೆ ಕತೆ ಉಳಿಯುತ್ತದೆ.

ನಾನು ಮಾಡಿದ್ದೂ ಹೆಚ್ಚು ಕಡಿಮೆ ಇದೇ. ಒಂದು ವ್ಯತ್ಯಾಸವಿದೆ: ಆನಂದರ ನಿರೂಪಕ ತಾನು ಕೊಂದೆ ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಳ್ಳುತ್ತಾನೆ, ನಾನು ಒಪ್ಪಿಕೊಂಡಿರಲಿಲ್ಲ. ಆ ಹೆಣ್ಣುಮಗಳು ಕೇಳಿದ ದಿನ ರಾತ್ರಿ ನನ್ನ ಪುಸ್ತಕಕ್ಕೆ ಇನ್ನೊಂದು ಹೆಸರು ಹೊಳೆಯಿತು: ‘ನಾನು ಕೊಂದ ಮಾವ’.

ಯಾಕೆಂದರೆ ನನ್ನ ಸಣ್ಣಮಾವ ನಾಲೆಗೆ ಬೀಳಲಿಲ್ಲ. ಅಜ್ಜಿ ತೀರಿಕೊಂಡ ಮೇಲೂ ಅವನು ಇಪ್ಪತ್ತೆರಡು ವರ್ಷ ಬದುಕಿದ, ಅದೇ ಊರಿನಲ್ಲಿ. ಆ ಇಪ್ಪತ್ತೆರಡು ವರ್ಷದಲ್ಲಿ ಕತೆಯಿಲ್ಲ ಎಂದು ನಾನು ಅಂದುಕೊಂಡಿದ್ದೆ. ಇದ್ದ ಕತೆ ಅದೇ.

3. ‘ನಿಂಗೆ ಹಸಿವಾ?’

ಸಣ್ಣಮಾವನಿಗೆ ಹಸಿವಾದಾಗ ‘ನನಗೆ ಹಸಿವು’ ಎನ್ನುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು, ‘ನಿಂಗೆ ಹಸಿವಾ? ನಿಂಗೆ ಹಸಿವಾ?’ ಎನ್ನುತ್ತಿದ್ದ, ಅಜ್ಜಿಯ ರಾಗದಲ್ಲೇ. ಮನೆಗೆ ಬಂದ ನೆಂಟರು, ‘ಇಲ್ಲಪ್ಪ, ನಮ್ದು ಆಗಿದೆ’ ಎಂದು ನಗುತ್ತಿದ್ದರು. ನಾನು ಕಾದಂಬರಿಯಲ್ಲಿ ಇದನ್ನು ನಗೆಗೆ ಬಳಸಿಕೊಂಡಿದ್ದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ, ತಟ್ಟೆ ಹಾಕುತ್ತಿದ್ದಳು. ಮಗು ಹಸಿದಾಗಲೆಲ್ಲ ತಾಯಿ ಆಡುತ್ತಿದ್ದ ಮಾತು ಅದು. ಮಗುವಿನ ಕಿವಿಗೆ ಹಸಿವಿನ ಹೆಸರೇ ಅದಾಗಿತ್ತು. ‘ಅವನು ಕೇಳ್ತಿಲ್ಲ ಕಣೆ, ಹೇಳ್ತಿದಾನೆ’ ಎಂದು ಅಜ್ಜಿ ಒಮ್ಮೆ ನನ್ನ ತಾಯಿಗೆ ಹೇಳಿದ್ದು ನೆನಪಿದೆ.

ಅಜ್ಜಿಗೆ ಗೊತ್ತಿರಲಿಲ್ಲ, ಇದನ್ನೇ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ ಬರೆದಿಟ್ಟಿದ್ದರು. 11 ಮಕ್ಕಳನ್ನು ನೋಡಿ ಅವರು ಬರೆದ ಲೇಖನವೇ ಇಂದು ನಾವು ಆಟಿಸಂ ಎನ್ನುವುದರ ಮೊದಲ ದೊಡ್ಡ ವಿವರಣೆ. ಆ ಮಕ್ಕಳು ಕೇಳಿದ ಮಾತನ್ನು ಕೇಳಿದ ಹಾಗೇ ಹಿಂದಿರುಗಿಸುತ್ತಾರೆ, ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಾರೆ, ದಿನಚರಿಯಲ್ಲಿ ಚೂರು ಬದಲಾದರೂ ತಲ್ಲಣಿಸುತ್ತಾರೆ ಎಂದು ಅದರಲ್ಲಿದೆ. ಆ ಹನ್ನೊಂದರಲ್ಲಿ ಮೊದಲನೆಯವನು ಡೊನಾಲ್ಡ್, ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಹುಡುಗ. 1938ರಲ್ಲಿ ಅವನನ್ನು ಕರೆತರುವ ಮೊದಲು ಅವನ ತಂದೆ ಮಗನ ಬಗ್ಗೆ 33 ಪುಟದ ಕಾಗದ ಕಳಿಸಿದ್ದರು. ಏನು ತಿನ್ನುತ್ತಾನೆ, ಯಾವುದಕ್ಕೆ ಬೆಚ್ಚುತ್ತಾನೆ, ಏನನ್ನು ಗಿರ್ರನೆ ತಿರುಗಿಸುತ್ತಾನೆ, ಎಲ್ಲವೂ ಅದರಲ್ಲಿತ್ತು. ವೈದ್ಯಶಾಸ್ತ್ರದ ಈ ಅಧ್ಯಾಯ ಶುರುವಾದದ್ದು ಒಬ್ಬ ಅಪ್ಪ ಮಗನನ್ನು ನೋಡಿ ನೋಡಿ ಬರೆದ ಕಾಗದದಿಂದ. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ: ಮೊದಲು ನೋಡು, ತೀರ್ಪು ಆಮೇಲೆ.

4. ಹೆಸರಿಡುವ ಕಷ್ಟ

ಇದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ಚಲಾವಣೆಗೆ ಬಂದಿದೆ. ಗ್ರೀಕಿನಲ್ಲಿ ‘ಆಟೋಸ್’ ಎಂದರೆ ತಾನು. ಆದ್ದರಿಂದ ತನ್ನಲ್ಲೇ ಲೀನವಾದದ್ದು. ಪದ ಗಂಭೀರವಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ‘ಲೀನ’ ಎಂದೊಡನೆ ನಮಗೆ ಯೋಗಿ ನೆನಪಾಗುತ್ತಾನೆ. ಓದುಗರ ಕೋಣೆಯಲ್ಲಿ ಕಿವಿ ಮುಚ್ಚಿ ಕೂತಿದ್ದ ಹುಡುಗ ತನ್ನೊಳಗೆ ಮುಳುಗಿದ್ದನೇ? ನನಗೆ ಕೇಳದೇ ಇದ್ದ ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ಅವನ ತಲೆಯೊಳಗೆ ಮಿಲ್ಲಿನ ಹಾಗೆ ಓಡುತ್ತಿತ್ತು. ಗ್ರಂಥಾಲಯದ ಮೇಲ್ವಿಚಾರಕರು ಎದ್ದು ಅದೊಂದು ದೀಪ ಆರಿಸಿದ ಮೇಲೆ ಅವನ ಕೈ ಕಿವಿಯಿಂದ ನಿಧಾನವಾಗಿ ಕೆಳಗಿಳಿಯಿತು. ಹೊರಗಿನದು ಮಿತಿಮೀರಿ ಒಳನುಗ್ಗುತ್ತಿರುವಾಗ ಬಾಗಿಲು ಹಾಕಿಕೊಂಡವನನ್ನು ‘ಇವನಿಗೆ ಹೊರಗಿನದೇ ಬೇಡ’ ಎಂದರೆ ಅನ್ಯಾಯ.

ಊರಿನವರ ಪದಗಳು ಬೇರೆ. ಮಾತು ತಡ, ಹಟಮಾರಿ, ಮಂಕು, ಮೂಗ, ದೇವರಂಥ ಮಗು. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಒಂಥರಾ’. ‘ಅವನು ಒಂಥರಾ ಕಣ್ರೀ.’ ಈ ಪದದಲ್ಲಿ ಕೆಡುಕಿಲ್ಲ, ಸೋಮಾರಿತನ ಇದೆ. ಯಾವ ಥರ ಎಂದು ನೋಡುವ ಶ್ರಮವನ್ನು ಅದು ಉಳಿಸಿಬಿಡುತ್ತದೆ. ಆಟಿಸಂ ಉಳ್ಳವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಡುವ ಅಂದಾಜು 127 ಜನರಿಗೆ ಒಬ್ಬರು. ಆ ಲೆಕ್ಕದಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಅಂಥವರು ಎಷ್ಟೋ ಜನ ಇರಬೇಕು. ನಮ್ಮ ಕಣ್ಣಿಗೆ ಬಿದ್ದಿರುವುದು ಒಬ್ಬಿಬ್ಬರು. ಮಿಕ್ಕವರೆಲ್ಲ ‘ಒಂಥರಾ’ದ ಮರೆಯಲ್ಲಿದ್ದಾರೆ.

ಮಗುವಿಗೆ ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ತಾಯಿಯ ಕಡೆ ತಿರುಗುತ್ತದೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಕೆಲಸಕ್ಕೆ ಹೋಗುತ್ತಾಳೆ, ಮೊಬೈಲು ಕೊಟ್ಟು ಕೂರಿಸಿದಳು. ಇದು ನಮ್ಮೂರಿನ ಮೂಢನಂಬಿಕೆ ಮಾತ್ರ ಎಂದುಕೊಳ್ಳಬೇಡಿ. ತಾಯಿ ತಣ್ಣಗಿದ್ದದ್ದೇ ಕಾರಣವೆಂದು ವಿದ್ವಾಂಸರೇ ದಶಕಗಳ ಕಾಲ ಹೇಳಿದರು. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಅದನ್ನೇ ದೊಡ್ಡ ಪುಸ್ತಕ ಮಾಡಿದರು. ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದೆಂದು ವಾದಿಸಿದ್ದರು. ಅವರೂ ಇಂಥದೇ ಮಗನ ತಂದೆ. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ನೋಡಿ ವಂಶವಾಹಿಗಳ ಪಾತ್ರವನ್ನು ತೋರಿಸಿದ ಮೇಲೆ ತಾಯಂದಿರ ಮೇಲಿನ ಆರೋಪ ಶಾಸ್ತ್ರದಲ್ಲಿ ಬಿದ್ದುಹೋಯಿತು. ಅಡುಗೆಮನೆಯಲ್ಲಿ ಇನ್ನೂ ಬಿದ್ದಿಲ್ಲ.

ಕನ್ನಡದ ಕಾದಂಬರಿ ಈ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ನೆನೆಯಿರಿ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ ಮೇಲೆ ಓದದವರಿಗೂ ಗೊತ್ತು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ; ಮನೆಗೆ ಗುಣವಾಗುವುದಿಲ್ಲ. ಹಳೆಯ ಗುರುತೊಂದನ್ನೇ ಹಿಡಿದು ಎಲ್ಲರೂ ಅವಳನ್ನು ನೋಡುತ್ತಾರೆ. ಕಾಯಿಲೆ ವ್ಯಕ್ತಿಯದು, ಕತೆ ಮನೆಯದು ಎಂಬುದನ್ನು ತ್ರಿವೇಣಿ ಅಷ್ಟು ಹಿಂದೆಯೇ ಕಂಡಿದ್ದರು. ಆಟಿಸಂ ಕಾಯಿಲೆಯಲ್ಲ, ಹುಟ್ಟಿನಿಂದ ಬಂದ ಸ್ವಭಾವದ ಒಂದು ಕಟ್ಟು. ಆದರೂ ಆ ದಾರಿ ನಮಗೆ ಸಲ್ಲುತ್ತದೆ.

5. ದೇವನೂರಿನ ಕವಿ ಹೇಳಿದ ಅಪ್ಪನ ಕತೆ

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ‘ಜೈಮಿನಿ ಭಾರತ’ವನ್ನು ಜಗಲಿಯಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ಅರ್ಥ ಹೇಳಿ ಹತ್ತಾರು ಜನ ಕೇಳುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಓದುಗರ ಬಳಗ ಎಂಬುದು ಈ ಸೀಮೆಗೆ ಹೊಸದಾಗಿ ಬಂದದ್ದಲ್ಲ. ಕುರ್ಚಿ ಮಾತ್ರ ಹೊಸದು.

ಎರಡನೆಯ ಸಲ ಆ ಬಳಗಕ್ಕೆ ಹೋದಾಗ ಮೇಷ್ಟ್ರು ಬಭ್ರುವಾಹನನ ಪ್ರಸಂಗ ಎತ್ತಿದರು. ಯಜ್ಞದ ಕುದುರೆಯನ್ನು ಕಟ್ಟಿಹಾಕಿದ ಮಗ, ಅದು ತಂದೆಯದೆಂದು ತಿಳಿದೊಡನೆ ಕಾಣಿಕೆ ಹೊತ್ತು ಬಂದು ಕಾಲಿಗೆ ಬೀಳುತ್ತಾನೆ. ಅರ್ಜುನ ಒದೆಯುತ್ತಾನೆ. ಕ್ಷತ್ರಿಯನ ಮಗನಾದವನು ಕಾದಬೇಕು, ಬಾಗುವವನು ನನ್ನ ಮಗನಲ್ಲ ಎಂಬುದು ಅವನ ತರ್ಕ. ತನ್ನ ಅಚ್ಚಿನಲ್ಲಿ ಇಲ್ಲದ ಮಗನನ್ನು ಅಪ್ಪ ಗುರುತಿಸಲು ಒಪ್ಪುವುದಿಲ್ಲ. ಆಮೇಲೆ ಯುದ್ಧ, ಅಪ್ಪನ ತಲೆ ಬೀಳುವುದು, ನಾಗಲೋಕದ ಮಣಿಯಿಂದ ಮರುಜೀವ. ಇದೇ ಕತೆಯ 1977ರ ಸಿನಿಮಾದಲ್ಲಿ ಅಪ್ಪ ಮಗ ಎರಡೂ ಪಾತ್ರ ನಟ ರಾಜಕುಮಾರರದೇ. ಒಂದೇ ಮುಖದ ಇಬ್ಬರು ಎದುರಾಬದುರು ನಿಂತರೂ ಅಪ್ಪನಿಗೆ ಗುರುತು ಸಿಗುವುದಿಲ್ಲ ಎಂದು ಒಬ್ಬಳು ಹುಡುಗಿ ಹೇಳಿದಾಗ ಎಲ್ಲರೂ ನಕ್ಕರು.

ಬಾಗಿಲ ಬಳಿ ನಿಂತಿದ್ದ ಗಂಡಸೊಬ್ಬರು ನಗಲಿಲ್ಲ. ಹುಡುಗನ ತಂದೆ, ಮೊದಲ ಸಲ ಬಂದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರನ್ನೂ ನೋಡದೆ, ‘ನಾನು ಇವತ್ತಿನವರೆಗೂ ಅವನನ್ನ ಸಂತೆಗೆ ಕರ್ಕಂಡ್ ಹೋಗಿಲ್ಲ’ ಎಂದರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಮೇಷ್ಟ್ರು ಮಾತ್ರ, ‘ಸೋಮವಾರ ನಾನೂ ಬರ್ತೀನಿ, ಹೋಗನ’ ಎಂದರು.

ಆಟಿಸಂ ಕುರಿತ ಬರವಣಿಗೆಯಲ್ಲಿ ತಾಯಂದಿರು ತುಂಬಿದ್ದಾರೆ, ಅಪ್ಪಂದಿರು ಬಾಗಿಲ ಬಳಿ ನಿಂತಿದ್ದಾರೆ. ಅವರನ್ನು ಒಳಗೆ ಕರೆಯಲು ಭಾಷಣದ ಕೈಲಾಗದು. ನೇರವಾಗಿ ಕೇಳಿದರೆ ಬಾಯಿ ಬಿಡದವರು ಅರ್ಜುನನ ನೆಪದಲ್ಲಿ ಮಾತಾಡುತ್ತಾರೆ. ಕತೆ ಇರುವುದು ಈ ನೆಪಕ್ಕಾಗಿಯೇ.

6. ಚೀಟಿ ಮತ್ತು ಚೀಟಿಯಾಚೆ

ಗುರುತು ಎಂಬ ಪದಕ್ಕೆ ಕಚೇರಿಯಲ್ಲೊಂದು ಅರ್ಥವಿದೆ. ಅದನ್ನು ಹಗುರವಾಗಿ ಕಾಣಬಾರದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಉಳ್ಳವರಿಗಾಗಿಯೇ ಬಂದದ್ದು. ‘ನಿರಾಮಯ’ ಎಂಬ ಆರೋಗ್ಯ ವಿಮೆ ಅದರ ಕೆಳಗೆ ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಮಗು 18 ದಾಟಿದ ಮೇಲೆ ಕಾನೂನಿನ ಪಾಲಕರನ್ನು ನೇಮಿಸಬೇಕಾದರೆ ಜಿಲ್ಲಾಧಿಕಾರಿಯವರ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿತು, ಆಟಿಸಂ ಅದರಲ್ಲಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಎಲ್ಲಿಂದ ಶುರು ಮಾಡಬೇಕೆಂದು ತೋಚದವರು ತಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು.

ಸಣ್ಣಮಾವನಿಗೆ ಈ ಯಾವ ಚೀಟಿಯೂ ಇರಲಿಲ್ಲ. ಇದ್ದಿದ್ದರೆ ಅಜ್ಜಿಯ ಎಷ್ಟೋ ರಾತ್ರಿಗಳು ಹಗುರಾಗುತ್ತಿದ್ದವು. ಒಮ್ಮೆ ದೂರದ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಲ್ಲಿಸಿಕೊಂಡು, ಗಲಾಟೆಗೆ ಬೆದರಿ ಅವನು ನೆಲಕ್ಕೆ ಬಿದ್ದು ಕೂಗಿದಾಗ, ‘ಕಟ್ಟಿಹಾಕಿ ಕರ್ಕಂಡ್ ಬನ್ನಿ’ ಎಂದು ಹೇಳಿ ಕಳಿಸಿದರಂತೆ. ಅಜ್ಜಿ ಮತ್ತೆ ಹೋಗಲಿಲ್ಲ. ಹಾಗಾಗಿ ಚೀಟಿ ಬೇಕು, ಬೇಕೇಬೇಕು. ಆದರೆ ‘ನಿಂಗೆ ಹಸಿವಾ’ ಎಂದರೆ ಏನರ್ಥ ಎಂಬುದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

7. ಕಾದಂಬರಿ ಮಾಡಬಹುದಾದದ್ದು

ಬಳಗದಲ್ಲಿ ಬಂದ ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಇರಬಹುದು. ‘ಇಂಥ ಮಕ್ಕಳಿಗೆ ಏನಾದ್ರೂ ವಿಶೇಷ ಶಕ್ತಿ ಇರುತ್ತಂತಲ್ಲ, ಇವನಿಗೇನಿದೆ?’ ಇದನ್ನು ಕಲಿಸಿದ್ದು ಸಿನಿಮಾ. 1988ರ ‘ರೇನ್ ಮ್ಯಾನ್’ ಬಂದ ಮೇಲೆ ಆಟಿಸಂ ಎಂದರೆ ಕ್ಷಣದಲ್ಲಿ ಲೆಕ್ಕ ಹೇಳುವವನು ಎಂದಾಯಿತು. 2007ರ ‘ತಾರೇ ಜಮೀನ್ ಪರ್’ ನೋಡಿದವರು ಕೊನೆಗೊಂದು ಚಿತ್ರಕಲಾ ಬಹುಮಾನ ಬಂದೀತೆಂದು ಕಾಯುತ್ತಾರೆ. ಆ ಸಿನಿಮಾದ ಹುಡುಗನಿಗಿರುವುದು ಆಟಿಸಂ ಅಲ್ಲ, ಓದು ಬರಹದ ತೊಡಕಾದ ಡಿಸ್ಲೆಕ್ಸಿಯಾ. ನಮ್ಮ ನಿಮ್ಮ ಮನೆಯ ಸಾಧಾರಣ ಮಕ್ಕಳಿಗೆ ಸಾಧಾರಣವಾಗಿರಲು ಹಕ್ಕಿದೆಯಲ್ಲ, ಈ ಮಕ್ಕಳಿಗೂ ಇದೆ. ಸಣ್ಣಮಾವನಿಗೆ ಬರುತ್ತಿದ್ದದ್ದು ಒಂದೇ ಕೆಲಸ: ಬೇಯಿಸಿ ಒಣಗಿಸಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿ ಗುಡ್ಡೆ ಹಾಕುವುದು. ಊರಿನ ಬೇರೆಯವರೂ ಅಷ್ಟೇ ಚೆನ್ನಾಗಿ ಆರಿಸುತ್ತಿದ್ದರು. ಅದು ಪವಾಡವಲ್ಲ, ಉದ್ಯೋಗ.

ಡಿಗ್ರಿ ಹುಡುಗಿಯೊಬ್ಬಳು ಕೇಳಿದಳು: ‘ಎಲ್ಲಾ ನೋಡೋರ ಕಡೆಯಿಂದಲೇ ಬರೀತೀರಲ್ಲ, ಅವರೇ ಬರೆದದ್ದು ಇಲ್ವಾ?’ ಇದೆ. ಟೆಂಪಲ್ ಗ್ರ್ಯಾಂಡಿನ್ ತಮ್ಮ ಆತ್ಮಕಥೆಯನ್ನು 1986ರಲ್ಲೇ ಪ್ರಕಟಿಸಿದರು. ಅವರ ಕಸುಬು ದನಗಳನ್ನು ಸಾಗಿಸುವ, ಕೂಡಿಹಾಕುವ ಕಟ್ಟೆದಾರಿಗಳ ವಿನ್ಯಾಸ. ನೆಲದ ಮೇಲಿನ ನೆರಳು, ನೇತಾಡುವ ಸರಪಳಿ, ಹಠಾತ್ತನೆ ಮಿನುಗುವ ಬೆಳಕು, ಇವಕ್ಕೆ ದನ ಯಾಕೆ ನಿಂತುಬಿಡುತ್ತದೆ ಎಂಬುದು ಅವರಿಗೆ ಬೇಗ ಹೊಳೆಯಿತು. ತಾವೂ ಅವಕ್ಕೆ ಬೆಚ್ಚುವವರು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ದನಗಳನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ. ಗುರುತಿಲ್ಲದವರು ಹತ್ತಿರ ಬಂದರೆ ಆ ದನ ಹೇಗೆ ನಿಲ್ಲುತ್ತದೆ, ಸಾಕಿದವನ ಒಂದು ಕೂಗಿಗೆ ಹೇಗೆ ತಿರುಗುತ್ತದೆ, ಎರಡೂ ಗೊತ್ತು. ಇನ್ನೊಬ್ಬರು ನಮ್ಮ ನಾಡಿನಲ್ಲೇ, ಮೈಸೂರು ಬೆಂಗಳೂರುಗಳಲ್ಲಿ ಬೆಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ. 1989ರಲ್ಲಿ ಹುಟ್ಟಿದ ಅವರ ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 2000ದಲ್ಲಿ. ತಾಯಿ ಸೋಮಾ ಅವರ ಬೋಧನಾಕ್ರಮದ ಬಗ್ಗೆ ತಜ್ಞರಲ್ಲಿ ತಕರಾರಿದೆ. ಆದರೂ ಬಾಯಿ ಮಾತು ಬಾರದವರಿಗೆ ಒಳಮಾತು ಇಲ್ಲವೆಂದು ಭಾವಿಸಬೇಡಿ ಎಂಬ ಎಚ್ಚರವನ್ನು ಆ ಪುಸ್ತಕ ಕೊಟ್ಟಿತು.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದವರು. 1931ರ ಅವರ ಐದು ಸೂತ್ರಗಳಲ್ಲಿ ಒಂದರ ಸಾರ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಕಿವಿ ಮುಚ್ಚಿ ಕೂತ ಹುಡುಗನೂ ಓದುಗನೇ ಎಂದು ಒಪ್ಪಿದರೆ, ಒಂದು ಟ್ಯೂಬ್‌ಲೈಟ್ ಆರಿಸುವುದೂ ಗ್ರಂಥಾಲಯ ವಿಜ್ಞಾನವೇ.

8. ಅಮೃತಾಪುರದ ಗೋಡೆ

ಡಿಸೆಂಬರಿನಲ್ಲಿ ಬಳಗದವರೆಲ್ಲ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದೆವು. 1196ರ ಹೊಯ್ಸಳ ಗುಡಿ. ಮಂಟಪದ ಹೊರಸುತ್ತಿನ ಗಿಡ್ಡ ಗೋಡೆಯ ಮೇಲೆ 140 ಕೆತ್ತನೆಯ ಫಲಕಗಳಿವೆ. ಹುಡುಗನೂ ಬಂದಿದ್ದ. ನಾವು ಬಲಕ್ಕೆ ಹೊರಟೆವು, ಅವನು ಎಡಕ್ಕೆ ಹೊರಟ. ತಾಯಿ ಓಡಿಹೋಗಿ ಕೈ ಹಿಡಿದಳು. ‘ಉಲ್ಟಾ ಸುತ್ತಬಾರ್ದು ಪುಟ್ಟ, ದೇವ್ರಿಗೆ ಆಗಲ್ಲ.’ ಅವನು ಕೈ ಬಿಡಿಸಿಕೊಂಡ. ಒಂದೊಂದು ಫಲಕಕ್ಕೂ ಬೆರಳು ಮುಟ್ಟಿಸಿ, ಒಂದು ಕ್ಷಣ ನಿಂತು, ಮುಂದಿನದಕ್ಕೆ ಹೋಗುತ್ತಿದ್ದ. ತಾಯಿ ಸುಮ್ಮನೆ ಹಿಂದೆ ನಡೆದಳು. ನಾವೂ ನಮ್ಮ ಪ್ರದಕ್ಷಿಣೆ ಬಿಟ್ಟು ಅವರ ಹಿಂದೆ ಹೋದೆವು.

ದಕ್ಷಿಣದ ಗೋಡೆಗೆ ಬಂದಾಗ ಮೇಷ್ಟ್ರು ನಿಂತುಬಿಟ್ಟರು. ಅಲ್ಲಿರುವುದು ರಾಮಾಯಣ, 70 ಫಲಕ. ಹೊಯ್ಸಳರ ರೂಢಿಗೆ ವಿರುದ್ಧವಾಗಿ ಆ ಗೋಡೆಯ ಕತೆ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಗೋಡೆಯ 25 ಫಲಕಗಳ ಕೃಷ್ಣಕಥೆ, 45 ಫಲಕಗಳ ಮಹಾಭಾರತ ಮಾತ್ರ ಎಂದಿನಂತೆ ಬಲಸುತ್ತು. ಬಲಕ್ಕೆ ಸುತ್ತುವ ನಮಗೆ ರಾಮಾಯಣ ಕೊನೆಯಿಂದ ಮೊದಲಿಗೆ ಕಾಣುತ್ತಿತ್ತು. ಅವನು ಸುತ್ತಿದ ಹಾಗೆ ಸುತ್ತಿದರೆ ಮೊದಲಿನಿಂದ ಕೊನೆಗೆ.

ಅವನಿಗೆ ರಾಮಾಯಣ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾನೂ ಪವಾಡದ ಅಂಗಡಿ ತೆರೆದಂತೆ. ಅವನಿಗೆ ಎಡಗಡೆಯ ನೆರಳು ಹಿತವಾಗಿತ್ತೋ ಏನೋ. ಆದರೆ ಆ ಮಧ್ಯಾಹ್ನ ಕತೆಯನ್ನು ಸರಿಯಾದ ದಿಕ್ಕಿನಿಂದ ಓದಿದ್ದು ಅವನ ಹಿಂದೆ ನಡೆದವರು ಮಾತ್ರ.

9. ದತ್ತಿ

ಕೊನೆಗೆ ಆ ತಾಯಿ ಕೇಳಿದ ಪ್ರಶ್ನೆಗೆ ಬರಬೇಕು. ನಮ್ಮ ನಂತರ ಯಾರು?

ಕ್ಯಾನರ್ ನೋಡಿದ ಡೊನಾಲ್ಡ್ ಫಾರೆಸ್ಟಿಗೇ ಹಿಂದಿರುಗಿದ. ನಡುವೆ ಕೆಲವು ವರ್ಷ ಒಂದು ರೈತ ದಂಪತಿಯ ಮನೆಯಲ್ಲಿದ್ದ. ಎಣಿಸುವ ಗೀಳಿನ ಹುಡುಗನಿಗೆ ಅವರು ಉಳುವಾಗ ಜೋಳದ ಸಾಲು ಎಣಿಸುವ ಕೆಲಸ ಕೊಟ್ಟರು. ಮುಂದೆ ಕಾಲೇಜು ಓದಿದ, ಬ್ಯಾಂಕಿನಲ್ಲಿ ದುಡಿದ, ಗಾಲ್ಫ್ ಆಡಿದ, ದೇಶ ಸುತ್ತಿದ. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಮುಪ್ಪಿನಲ್ಲಿ ಅವನನ್ನು ಹುಡುಕಿಕೊಂಡು ಹೋದ ಇಬ್ಬರು ಪತ್ರಕರ್ತರಿಗೆ ಊರಿನ ಜನ ಮೊದಲು ಹೇಳಿದ್ದು, ಅವನಿಗೆ ನೋವಾದರೆ ನಿಮ್ಮನ್ನು ಬಿಡುವುದಿಲ್ಲ ಎಂದು. ಅವನ ಮನೆಯವರು ಸಿರಿವಂತರು, ಬ್ಯಾಂಕೂ ಅವರದೇ, ಅದನ್ನು ಮರೆಯಬಾರದು. ಆದರೆ ಗಾಲ್ಫ್ ಮೈದಾನದಲ್ಲಿ ಜೊತೆಗೆ ಆಡುವವರನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ.

ನನ್ನ ಸಣ್ಣಮಾವನ ಇಪ್ಪತ್ತೆರಡು ವರ್ಷದ ಗುಟ್ಟೂ ಅದೇ. ಅಜ್ಜಿ ಸಾಯುವ ಮೊದಲು ಅಕ್ಕಪಕ್ಕದ ಮೂರು ಮನೆಗೆ ಅವನ ಆ ಒಂದು ಮಾತಿನ ಅರ್ಥ ಹೇಳಿ ಹೋಗಿದ್ದಳು. ಅವನು ಹೋಗಿ ‘ನಿಂಗೆ ಹಸಿವಾ’ ಎಂದರೆ ಆ ಮೂರು ಮನೆಯಲ್ಲಿ ತಟ್ಟೆ ಬೀಳುತ್ತಿತ್ತು. ಇದನ್ನು ಹೇಳಿ ಹಳ್ಳಿಯ ಹಿರಿಮೆ ಹಾಡಲು ನಾನು ಬಂದಿಲ್ಲ. ಆ ಕಾಲದ ಹಳ್ಳಿ ಇಂಥವರನ್ನು ಕಂಬಕ್ಕೆ ಕಟ್ಟಿದ್ದೂ ಇದೆ. ‘ಊರು ಸಾಕಿತು’ ಎಂದರೆ ಮೂವರು ಹೆಂಗಸರು ಬೇಯಿಸಿ ಹಾಕಿದರು ಎಂದರ್ಥ; ಆ ಮೂವರಿಗೆ ಯಾರೂ ಕೂಲಿ ಕೊಡಲಿಲ್ಲ, ಹೆಸರೂ ಕೊಡಲಿಲ್ಲ, ನನ್ನ ಕಾದಂಬರಿಯಲ್ಲಿ ಅವರಿಗೆ ಜಾಗವೂ ಇರಲಿಲ್ಲ. ಈಗ ಆ ಮೂರು ಮನೆಯಲ್ಲಿ ಎರಡಕ್ಕೆ ಬೀಗ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತಾನಾಗಿ ಸಿಗುತ್ತಿದ್ದ ಗುರುತನ್ನು ಇನ್ನು ಮೇಲೆ ನಾವು ಕೂತು ಬೆಳೆಸಬೇಕು. ಅದಕ್ಕೆ ಸರ್ಕಾರದ ಚೀಟಿಯೂ ಬೇಕು, ಶಾಲೆಯೂ ಬೇಕು, ಸಂಜೆ ಬಾಗಿಲು ತೆರೆದಿರುವ ಒಂದು ಕೋಣೆಯೂ ಬೇಕು.

ದತ್ತಿ ಎಂದರೇನು? ತಾನಿಲ್ಲದಾಗಲೂ ನಡೆಯಬೇಕಾದ ಕೆಲಸಕ್ಕೆ ಇಟ್ಟ ಮೂಲಧನ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ದೀಪ ಹಚ್ಚಬೇಕು. ನನ್ನ ಅಜ್ಜಿ ಇಟ್ಟು ಹೋದದ್ದೂ ದತ್ತಿಯೇ, ಮೂರು ಮನೆಯ ದತ್ತಿ.

ಹೊರಡುವ ಮೊದಲು ಗ್ರಂಥಾಲಯದ ಮೇಲ್ವಿಚಾರಕರು ಹೇಳಿದ್ದನ್ನು ಹೇಳಿ ಮುಗಿಸುತ್ತೇನೆ. ಹುಡುಗ ಈಗ ದಿನಾ ಸಂಜೆ ಐದಕ್ಕೆ ಬರುತ್ತಾನೆ. ಸಹಿ ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಾನೆ. ಆ ಗೆರೆ ಅವನದೆಂದು ಎಲ್ಲರಿಗೂ ಗೊತ್ತು. ಚೆಲ್ಲಾಪಿಲ್ಲಿಯಾದ ಪತ್ರಿಕೆಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸುತ್ತಾನೆ, ಆರಕ್ಕೆ ಹೋಗುತ್ತಾನೆ. ಯಾರೊಂದಿಗೂ ಮಾತಿಲ್ಲ. ಹೋದ ತಿಂಗಳು ಜ್ವರ ಬಂದು ಎರಡು ದಿನ ಬರಲಿಲ್ಲ. ಮೊದಲ ದಿನ ಐದೂಕಾಲಕ್ಕೆ ಪತ್ರಿಕೆ ಓದುತ್ತಿದ್ದ ಒಬ್ಬರು ತಲೆಯೆತ್ತಿ ಬಾಗಿಲು ನೋಡಿದರಂತೆ. ಐದೂವರೆಯ ಹೊತ್ತಿಗೆ ಮೂವರು ಕೇಳಿದ್ದರು: ‘ಎಲ್ಲಿ, ನಮ್ಮ ಹುಡುಗ ಇವತ್ತು ಬರ್ಲಿಲ್ಲ?’